ಹಳೇ ಕಂಪ್ಯೂಟರ್ ಇಷ್ಟು ನಿಧಾನ ಯಾಕೆ? ಹಾರ್ಡ್ ಡಿಸ್ಕ್ ಹಾಳಾಗಿದೆಯಾ?

ಹೆಚ್ಚಿನ ಸಲ ಕಾರಣ ಹಾರ್ಡ್ ಡಿಸ್ಕೇ. ಹಾಳಾಗಿಯೇ ಇರಬೇಕು ಅಂತಿಲ್ಲ, ಅದು ಇರುವುದೇ ಹಾಗೆ. ಒಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿವೆ. ಒಂದೊಂದು ಫೈಲಿಗೂ ಓದುವ ಹೆಡ್ ಅತ್ತಿತ್ತ ಸರಿಯಬೇಕು, ಬೇಕಾದ ಜಾಗ ತಿರುಗಿ ಬರುವವರೆಗೆ ಕಾಯಬೇಕು. ಅಲ್ಲಲ್ಲಿ ಚದುರಿದ್ದನ್ನು ಓದುವಾಗ ಸೆಕೆಂಡಿಗೆ ನೂರರ ಆಸುಪಾಸು ಸಲ ಓದಲು ಆದರೆ ಅದೇ ಜಾಸ್ತಿ. ವಿಂಡೋಸ್ ಶುರುವಾಗುವಾಗ ಕೇಳುವುದು ಸಾವಿರಾರು!

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು (ಲೆಕ್ಕ ಹಾಕುವ ಚಿಪ್) ಆರಾಮಾಗಿದ್ದು ಡಿಸ್ಕ್ ಮಾತ್ರ 100% ತೋರಿಸುತ್ತಾ ಕೂತಿದ್ದರೆ ಕಳ್ಳ ಸಿಕ್ಕ ಹಾಗೆಯೇ. ಮೆಮೊರಿಯೂ (ತೆರೆದ ಕೆಲಸಗಳನ್ನು ಸದ್ಯಕ್ಕೆ ಇಟ್ಟುಕೊಳ್ಳುವ ರ‍್ಯಾಮ್) ತುಂಬಿದ್ದರೆ, ರ‍್ಯಾಮ್ ಸಾಲದೆ ಡಿಸ್ಕಿನ ಮೇಲೆ ಇನ್ನೂ ಹೊರೆ ಬೀಳುತ್ತಿದೆ.

ಟಕ್ ಟಕ್ ಸದ್ದು ಬರುತ್ತಿದ್ದರೆ, ಅಥವಾ ಡಿಸ್ಕಿನ ಆರೋಗ್ಯ ನೋಡುವ ಸಾಫ್ಟ್‌ವೇರ್ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ಎಚ್ಚರಿಕೆ ತೋರಿಸಿದರೆ, ಚದುರಿದ ಫೈಲುಗಳನ್ನು ಒಂದೆಡೆ ಜೋಡಿಸುವ ಡಿಫ್ರಾಗ್ ಗಿಫ್ರಾಗ್ ಅಂತ ಹೋಗಬೇಡಿ. ಸಾಯುತ್ತಿರುವ ಡಿಸ್ಕನ್ನು ಸುಮ್ನೆ ದುಡಿಸಿದಂತಾಗುತ್ತದೆ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಡಿಸ್ಕ್ ಚೆನ್ನಾಗಿದ್ದರೂ ನಾನು ಹೇಳುವುದು ಒಂದೇ: ಹಾರ್ಡ್ ಡಿಸ್ಕ್ ಬದಲು, ಚಿಪ್‌ಗಳಲ್ಲಿ ಫೈಲು ಇಡುವ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಕಾಯುವ ಮಾತೂ ಇಲ್ಲ. ಹೆಚ್ಚಿನ ಹಳೇ ಲ್ಯಾಪ್‌ಟಾಪ್‌ಗಳಲ್ಲಿ 2.5 ಇಂಚಿನ, ಸಾಟಾ ಎಂಬ ಕನೆಕ್ಟರಿನ ಎಸ್‌ಎಸ್‌ಡಿ ಅದೇ ಜಾಗದಲ್ಲಿ ಕೂರುತ್ತದೆ. ಕ್ಲೀನರ್ ಸಾಫ್ಟ್‌ವೇರ್‌ಗಳಿಂದ ಅಂಥ ಪ್ರಯೋಜನವೇನಿಲ್ಲ.