ಕೆನಡಾದ ಕ್ಯಾಲ್ಗರಿಯಂಥ ಚಳಿ ಊರಿನಲ್ಲಿ ಖಾರದ ಮೆಣಸಿನ ಬೀಜವನ್ನು ಮನೆಯೊಳಗೆ ಮೊಳೆಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಕಳೆದ ಮಾರ್ಚ್‌ನಲ್ಲಿ ಅಂಗಡಿಯಿಂದ ತಂದ ಬ್ಯಾಡಗಿ ಮೆಣಸಿನಕಾಯಿಯ ಬೀಜವನ್ನು ಕಿಟಕಿ ಪಕ್ಕದ ಕುಂಡದಲ್ಲಿ ಹಾಕಿದಿರಿ. ತಿಂಗಳಾದರೂ ಹೆಚ್ಚಿನವು ಮೊಳೆಯಲಿಲ್ಲ. ಮೊಳೆತ ಒಂದೆರಡು ಸಸಿ ಸಣಕಲಾಗಿ ಉದ್ದ ಬೆಳೆದು ಬಾಗಿ ಬಿದ್ದವು. ಈ ಸಲ ಬೂತ್ ಜೊಲೋಕಿಯಾ ಅನ್ನುವ ವಿಪರೀತ ಖಾರದ ಮೆಣಸು ಕೂಡ ಹಾಕುವ ಆಸೆ ಇದೆ. ತಪ್ಪು ಬೀಜದ್ದಾ, ಮಣ್ಣಿನದ್ದಾ, ಇಲ್ಲ ಈ ಊರಲ್ಲಿ ಇದು ಆಗೋದೇ ಇಲ್ವಾ?

ಖಂಡಿತ ಆಗುತ್ತೆ. ನಾನೂ ಕ್ಯಾಲ್ಗರಿಯಲ್ಲೇ ಇದ್ದೇನೆ, ಪ್ರತಿ ವರ್ಷ ಬೆಳೆಯುತ್ತೇನೆ. ಬೀಜದ ಮೇಲೆ ಅನುಮಾನ ಪಡುವ ಮೊದಲು ಒಂದು ವಿಷಯ ನೋಡಿ. ನಿಮ್ಮ ಕುಂಡದ ಮಣ್ಣು ಎಷ್ಟು ಬೆಚ್ಚಗಿತ್ತು? ಕೋಣೆಯ ಗಾಳಿಯ ಮಾತಲ್ಲ, ಮಣ್ಣಿನ ಮಾತು.

ಮೆಣಸಿನ ಬೀಜ ಚೆನ್ನಾಗಿ ಮೊಳೆಯಲು ಮಣ್ಣು 27ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾವೇರಿ ಕಡೆ ಮುಂಗಾರಿನ ಹೊತ್ತಿಗೆ ಸಸಿ ಮಡಿ ಮಾಡುವವರು ಇದರ ಬಗ್ಗೆ ಯೋಚಿಸುವುದೇ ಬೇಕಿಲ್ಲ, ನೆಲವೇ ಅಷ್ಟು ಬಿಸಿ ಇರುತ್ತದೆ. ಇಲ್ಲಿ ನಾವು ಮನೆಯ ಹೀಟರನ್ನು 20ಕ್ಕೆ ಇಟ್ಟು, ಸ್ವೆಟರ್ ಹಾಕಿಕೊಂಡು, ಮನೆ ಬೆಚ್ಚಗಿದೆ ಅಂದುಕೊಳ್ಳುತ್ತೇವೆ. ಆದರೆ ಒದ್ದೆ ಮಣ್ಣಿನಿಂದ ನೀರು ಆರುತ್ತಾ ಇರುವುದರಿಂದ ಅದು ಗಾಳಿಗಿಂತ ತಂಪಾಗಿರುತ್ತದೆ. ಕಿಟಕಿ ಹತ್ತಿರ ಇಟ್ಟರೆ ರಾತ್ರಿ ಗಾಜಿನ ಚಳಿಯೂ ಸೇರಿ ಇನ್ನೂ ಇಳಿಯುತ್ತದೆ. 15 ಡಿಗ್ರಿಯ ಹತ್ತಿರಕ್ಕೆ ಬಂದರೆ ಬೀಜ ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತದೆ. ವಾರಗಟ್ಟಲೆ ಒದ್ದೆಯಲ್ಲಿ ಕೂತ ಬೀಜ ಆಮೇಲೆ ಕೊಳೆಯುತ್ತದೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಅಡುಗೆಮನೆ ಕಟ್ಟೆಯ ಮೇಲೆ ಹುದುಗದೆ ಹಾಗೇ ಇರುತ್ತದಲ್ಲ, ಅದೇ ಕಥೆ ಇದು. ಹಿಟ್ಟಿನಲ್ಲಿ ಏನೂ ತಪ್ಪಿರುವುದಿಲ್ಲ.

ಹಾಗಾಗಿ ನೀವು ಒಂದೇ ಒಂದು ವಸ್ತು ಕೊಳ್ಳುವುದಾದರೆ ಸಸಿಗಳಿಗೆಂದೇ ಮಾರುವ, ಟ್ರೇ ಕೆಳಗೆ ಇಡುವ ಹೀಟ್ ಮ್ಯಾಟ್ ಕೊಳ್ಳಿ. ಸಾಧ್ಯವಾದರೆ ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ಹೇಳಿದ ಮಟ್ಟದಲ್ಲೇ ಇಡುವ ಸಾಧನ, ಇರುವುದನ್ನೇ ತೆಗೆದುಕೊಳ್ಳಿ. ಅದರ ತಂತಿಯ ತುದಿಯನ್ನು ಟ್ರೇ ಪಕ್ಕದಲ್ಲಿ ಇಡಬೇಡಿ, ಬೀಜ ಇರುವ ಮಿಶ್ರಣದೊಳಗೇ ಹೂಳಿ 28ಕ್ಕೆ ಇಡಿ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಕೋಣೆಯ ಉಷ್ಣತೆಗಿಂತ ಸುಮಾರು 5ರಿಂದ 10 ಡಿಗ್ರಿ ಮಾತ್ರ ಏರಿಸುತ್ತದೆ. 16 ಡಿಗ್ರಿಯ ಬೇಸ್‌ಮೆಂಟಿನಲ್ಲಿ ಅದು ಸಾಲದೆ ಹೋಗಬಹುದು, ಬಿಸಿ ಕೋಣೆಯಲ್ಲಿ ಜಾಸ್ತಿಯೂ ಆಗಬಹುದು. ಈಗಲೇ ಖರ್ಚು ಬೇಡ ಅನ್ನುವುದಾದರೆ ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಮಡಚಿ, ಜಿಪ್ ಚೀಲಕ್ಕೆ ಹಾಕಿ, ಮನೆಯ ಅತಿ ಬೆಚ್ಚಗಿನ ಮೂಲೆಯಲ್ಲಿ ಇಡಿ. ಫ್ರಿಜ್ ಮೇಲೆ ಇಡಿ ಅಂತ ಹಲವರು ಹೇಳುತ್ತಾರೆ. ಹೊಸ ಫ್ರಿಜ್‌ಗಳ ಮೇಲ್ಭಾಗ ಅಷ್ಟೇನೂ ಬಿಸಿಯಾಗುವುದಿಲ್ಲ, ಥರ್ಮಾಮೀಟರ್ ಇಟ್ಟು ನೋಡದೆ ನಂಬಬೇಡಿ.

ಬೀಜದ ವಿಷಯಕ್ಕೆ ಬರೋಣ. ಅಂಗಡಿಯ ಒಣಮೆಣಸಿನಕಾಯಿಯ ಬೀಜ ಮೊಳೆಯುವುದೇ ಇಲ್ಲ ಅನ್ನುವುದು ಸುಳ್ಳು. ಬಿಸಿಲಲ್ಲಿ ಒಣಗಿಸಿದ, ತೀರಾ ಹಳೆಯದಲ್ಲದ ಕಾಯಿಯ ಬೀಜ ಮೊಳೆಯುತ್ತದೆ. ಯಂತ್ರದಲ್ಲಿ ಜೋರು ಬಿಸಿಗೆ ಒಣಗಿಸಿದ್ದು ಅಥವಾ ಹುರಿದದ್ದು ಮೊಳೆಯುವುದಿಲ್ಲ. ಪೊಟ್ಟಣ ನೋಡಿ ಇದನ್ನು ತಿಳಿಯಲು ಆಗುವುದಿಲ್ಲ. ಮೊದಲು ಹತ್ತು ಬೀಜವನ್ನು ಟಿಶ್ಯೂ ಕಾಗದದಲ್ಲಿ ಇಟ್ಟು ಪರೀಕ್ಷೆ ಮಾಡಿ. 28 ಡಿಗ್ರಿಯಲ್ಲಿ ಎರಡು ವಾರವಾದರೂ ಒಂದೂ ಬೇರು ಬಿಡದಿದ್ದರೆ ಆ ಪೊಟ್ಟಣವನ್ನು ಸಾರಿಗೆ ಬಳಸಿಕೊಳ್ಳಿ. ಊರಿಂದ ಬೀಜ ತರುವ ಯೋಚನೆ ಇದ್ದರೆ ಕೆನಡಾದ ನಿಯಮ ಮೊದಲೇ ನೋಡಿಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಬೀಜವನ್ನು ತಪ್ಪದೆ ಘೋಷಿಸಬೇಕು. ಇಲ್ಲಿನ ಬೀಜ ಮಾರುವವರ ಹತ್ತಿರವೇ ಬೇಕಾದಷ್ಟು ತಳಿಗಳು ಸಿಗುತ್ತವೆ.

ಇನ್ನು ತಳಿ. ಇದರ ಬಗ್ಗೆ ನಿಮಗೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬ್ಯಾಡಗಿ ಇಲ್ಲಿಗೆ ಕಷ್ಟದ ಆಯ್ಕೆ. ಅದರಲ್ಲಿ ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಅದರ ಬೆಲೆ ಇರುವುದೇ ಗಿಡದಲ್ಲಿ ಹಣ್ಣಾಗಿ ಒಣಗಿದ ಕೆಂಪು ಬಣ್ಣಕ್ಕೆ. ಊರಲ್ಲಿ ಮಳೆಗಾಲದಲ್ಲಿ ನಾಟಿ ಮಾಡಿದ ಗಿಡದ ಕೆಂಪು ಕಾಯಿ ಬ್ಯಾಡಗಿ ಮಾರುಕಟ್ಟೆಗೆ ರಾಶಿಯಾಗಿ ಬರುವುದು ಜನವರಿ, ಫೆಬ್ರವರಿ ಹೊತ್ತಿಗೆ. ಕ್ಯಾಲ್ಗರಿಯಲ್ಲಿ ಕೊನೆಯ ಫ್ರಾಸ್ಟ್ (ಗಿಡ ಸುಡುವ ಹಿಮಗಟ್ಟುವ ಚಳಿ) ಸಾಮಾನ್ಯವಾಗಿ ಮೇ ಮೂರನೇ ವಾರದ ಆಸುಪಾಸು, ಮೊದಲ ಫ್ರಾಸ್ಟ್ ಸೆಪ್ಟೆಂಬರ್ ಮಧ್ಯದಲ್ಲಿ. ನಡುವೆ ಸಿಗುವುದು ನಾಲ್ಕು ತಿಂಗಳಿಗೂ ಕಡಿಮೆ. ಅದರಲ್ಲೂ ಜುಲೈ ರಾತ್ರಿಗಳು ಸರಾಸರಿ 10 ಡಿಗ್ರಿಗೆ ಇಳಿಯುತ್ತವೆ. ಮೆಣಸಿನ ಹೂವು ರಾತ್ರಿ 13ಕ್ಕಿಂತ ಕೆಳಗೆ ಹೋದರೆ ಕಾಯಿ ಕಟ್ಟದೆ ಉದುರುವುದು ಜಾಸ್ತಿ. ಆಸೆಗೆ ಒಂದೆರಡು ಬ್ಯಾಡಗಿ ಗಿಡ ಕುಂಡದಲ್ಲಿ ಇಟ್ಟುಕೊಳ್ಳಿ, ಆದರೆ ಅದನ್ನೇ ನೆಚ್ಚಬೇಡಿ.

ನಮಗೆ ಒಂದು ಅನುಕೂಲ ಇದೆ. ನಮ್ಮ ಅಡುಗೆಗೆ ದಿನವೂ ಬೇಕಾಗುವುದು ಹಸಿಮೆಣಸಿನಕಾಯಿ. ಕಾಯಿ ಕೆಂಪಾಗುವವರೆಗೆ ಕಾಯುವ ಅಗತ್ಯವೇ ಇಲ್ಲ, ಹಸಿರಲ್ಲೇ ಕಿತ್ತರೆ ಕೆಲವು ವಾರದ ಸಮಯ ಉಳಿಯುತ್ತದೆ. ಹಲಪೀನ್ಯೊದ ಬೇಗ ಬರುವ ತಳಿಗಳು ಹೊರಗೆ ನೆಟ್ಟ ಮೇಲೆ ಎರಡು, ಎರಡೂವರೆ ತಿಂಗಳಿಗೆ ಹಸಿರು ಕಾಯಿ ಕೊಡುತ್ತವೆ. ಕೆಯೆನ್ ಅನ್ನುವ ಮೆಣಸು ಸಾರು, ಚಟ್ನಿ, ಒಗ್ಗರಣೆ ಎಲ್ಲಕ್ಕೂ ಸರಿ. ಹಂಗೇರಿಯನ್ ಹಾಟ್ ವ್ಯಾಕ್ಸ್ ಅನ್ನುವುದನ್ನು ತಪ್ಪದೆ ಹಾಕಿ. ತಿಳಿ ಹಳದಿ ಬಣ್ಣದ ಉದ್ದ ಕಾಯಿ, ತಂಪು ಹವೆಯನ್ನು ಉಳಿದವಕ್ಕಿಂತ ಚೆನ್ನಾಗಿ ತಡೆಯುತ್ತದೆ, ಬಜ್ಜಿಗೆ ಇದಕ್ಕಿಂತ ಒಳ್ಳೆಯದು ನನಗೆ ಇಲ್ಲಿ ಸಿಕ್ಕಿಲ್ಲ.

ಬೂತ್ ಜೊಲೋಕಿಯಾದ ದಾರಿಯೇ ಬೇರೆ. 2007ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಗಿನ್ನೆಸ್ ದಾಖಲೆ ಸೇರಿದ ಈ ಈಶಾನ್ಯ ಭಾರತದ ಕಾಯಿ, ಹಬನೇರೊ ಅನ್ನುವ ಇನ್ನೊಂದು ಖಾರದ ಮೆಣಸಿನ ಜಾತಿಯ ನಂಟಿನದು. ಆ ಗುಂಪಿನ ಬೀಜ ನಿಧಾನ. ಹಲಪೀನ್ಯೊ ಒಂದು, ಒಂದೂವರೆ ವಾರದಲ್ಲಿ ಮೊಳೆತರೆ ಇದು ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಹೊರಗೆ ನೆಟ್ಟ ಮೇಲೆ ಕಾಯಿ ಹಣ್ಣಾಗಲು 100 ದಿನಕ್ಕೂ ಮೀರಿ ಬೇಕು. ಆದ್ದರಿಂದ ಅದನ್ನು ಜನವರಿ ಕೊನೆಗೆ ಹಾಕಿ, ಹಲಪೀನ್ಯೊ ಮತ್ತು ಕೆಯೆನ್‌ಗೆ ಮಾರ್ಚ್ ಮೊದಲ ಎರಡು ವಾರ ಸಾಕು. ಎಲ್ಲವನ್ನೂ ಜನವರಿಯಲ್ಲೇ ಹಾಕುವ ಆತುರ ಬೇಡ. ಮೇ ಹೊತ್ತಿಗೆ ಮನೆ ತುಂಬ ದೊಡ್ಡ ಗಿಡಗಳಾಗಿ, ಬೇರು ಕುಂಡದಲ್ಲಿ ಸುತ್ತಿಕೊಂಡು ನಿಂತುಬಿಡುತ್ತವೆ. ಬೂತ್ ಜೊಲೋಕಿಯಾದ ಕಾಯಿ, ಬೀಜ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಇನ್ನೂ ಮುಖ್ಯ.

ಬಿತ್ತುವ ಕೆಲಸ ಸುಲಭ. ತೋಟದ ಮಣ್ಣು ಬೇಡ, ಅದು ಟ್ರೇಯಲ್ಲಿ ಗಟ್ಟಿಯಾಗುತ್ತದೆ, ಜೊತೆಗೆ ಬೂಷ್ಟನ್ನೂ ತರುತ್ತದೆ. ಬೀಜಕ್ಕೆಂದೇ ಮಾರುವ ಮಿಶ್ರಣ ತನ್ನಿ, ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಪರ್ಲೈಟ್ (ಹಗುರವಾದ ಬಿಳಿ ಹರಳು) ಕಲಸಿ. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಬೀಜ ನೆನೆಹಾಕಿದರೆ ಸ್ವಲ್ಪ ಸಹಾಯ ಆಗುತ್ತದೆ. ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. ಮೇಲೆ ಪಾರದರ್ಶಕ ಮುಚ್ಚಳ ಬೇಕೇ ಬೇಕು. ಇಲ್ಲಿನ ಚಳಿಗಾಲದ ಗಾಳಿ ತೀರಾ ಒಣ, ಕೆಳಗೆ ಮ್ಯಾಟ್ ಬಿಸಿ ಬೇರೆ, ಮುಚ್ಚಳ ಇಲ್ಲದಿದ್ದರೆ ಒಂದೇ ದಿನದಲ್ಲಿ ಮೇಲ್ಪದರ ಒಣಗಿ ಮೊಳಕೆ ಸುಟ್ಟುಹೋಗುತ್ತದೆ.

ಈಗ ನಿಮ್ಮ ಎರಡನೇ ತೊಂದರೆ, ಸಸಿ ಸಣಕಲಾಗಿ ಬಿದ್ದದ್ದು. ಅದು ಬೆಳಕಿನ ಕೊರತೆ. ಮೊಳೆಯುವವರೆಗೆ ಬೀಜಕ್ಕೆ ಬಿಸಿ ಬೇಕು, ಬೆಳಕು ಬೇಕಿಲ್ಲ. ಮೊಳಕೆ ಮಣ್ಣಿನಿಂದ ತಲೆ ಎತ್ತಿದ ಕ್ಷಣದಿಂದ ಅದಕ್ಕೆ ಬೆಳಕು ಬೇಕು, ಅಷ್ಟು ಬಿಸಿ ಬೇಡ. ಕ್ಯಾಲ್ಗರಿ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಫೆಬ್ರವರಿ ಆರಂಭದಲ್ಲಿ ಹಗಲು ಒಂಬತ್ತೂವರೆ ಗಂಟೆಯ ಹತ್ತಿರ, ಬಿಸಿಲೂ ಓರೆ. ದಕ್ಷಿಣದ ಕಿಟಕಿ ಕೂಡ ಸಾಲದು. ಬಿಸಿ ಜಾಸ್ತಿ, ಬೆಳಕು ಕಡಿಮೆ ಆದಾಗ ಸಸಿ ಬೆಳಕು ಹುಡುಕಿಕೊಂಡು ಉದ್ದಕ್ಕೆ ಎಳೆಯುತ್ತದೆ.

ಹಾಗಾಗಿ ಮೊದಲ ಮೊಳಕೆ ಕಂಡ ದಿನವೇ ಅದನ್ನು ಮುಚ್ಚಳದಿಂದ ಹೊರಗೆ ತೆಗೆದು ದೀಪದ ಕೆಳಗೆ ಇಡಿ. ಉಳಿದ ಬೀಜ ಮ್ಯಾಟ್ ಮೇಲೆಯೇ ಇರಲಿ. ಇದಕ್ಕಾಗಿಯೇ ಒಂದೇ ದೊಡ್ಡ ಟ್ರೇಗಿಂತ ಬಿಡಿಬಿಡಿ ಸಣ್ಣ ಕಪ್ಪುಗಳು ಒಳ್ಳೆಯದು. ನೇರಳೆ ಬಣ್ಣದ ದುಬಾರಿ ದೀಪ ಬೇಡ, ಗ್ಯಾರೇಜಿಗೆ ಹಾಕುವ ಬಿಳಿ ಎಲ್‌ಇಡಿ ಉದ್ದ ದೀಪ ಸಾಕು. ಸಸಿಯ ತಲೆಯಿಂದ ಒಂದು ಗೇಣು ಎತ್ತರದಲ್ಲಿ ತೂಗುಹಾಕಿ, ಟೈಮರ್ ಇಟ್ಟು ದಿನಕ್ಕೆ 15, 16 ಗಂಟೆ ಉರಿಸಿ. ರಾತ್ರಿ ಕತ್ತಲೆ ಇರಲಿ. ಸಸಿ ಉದ್ದ ಎಳೆಯುತ್ತಿದ್ದರೆ ದೀಪ ಕೆಳಗೆ ಇಳಿಸಿ, ಎಲೆ ಬಿಳಿಚಿದರೆ ಮೇಲೆ ಎತ್ತಿ. ಹಗಲು 20ರಿಂದ 22, ರಾತ್ರಿ 17, 18 ಡಿಗ್ರಿ ಇದ್ದರೆ ಕಾಂಡ ದಪ್ಪವಾಗುತ್ತದೆ.

ನೀರನ್ನು ಕೆಳಗಿನ ತಟ್ಟೆಗೆ ಹಾಕಿ, ಮಿಶ್ರಣ ಹೀರಿಕೊಳ್ಳಲಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಚೆಲ್ಲಿ. ಮೇಲ್ಭಾಗ ಸದಾ ಒದ್ದೆ ಇದ್ದರೆ ಸಸಿಯ ಬುಡ ಕೊಳೆಯುವ ರೋಗ ಬರುತ್ತದೆ. ನಿನ್ನೆ ಚೆನ್ನಾಗಿದ್ದ ಸಸಿ ಇವತ್ತು ಮಣ್ಣಿನ ಮಟ್ಟದಲ್ಲಿ ತೆಳುವಾಗಿ ಮುರಿದು ಬಿದ್ದಿರುತ್ತದೆ. ಬಿದ್ದದ್ದನ್ನು ಉಳಿಸಲು ಆಗುವುದಿಲ್ಲ. ಸಣ್ಣ ಫ್ಯಾನಿನ ಮೆಲುಗಾಳಿ ಇದನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಕಾಂಡವನ್ನೂ ಗಟ್ಟಿ ಮಾಡುತ್ತದೆ. ಮೊದಲೆರಡು ಬೀಜದೆಲೆಗಳ ಮೇಲೆ ನಿಜವಾದ ಎಲೆ ಎರಡು ಜೊತೆ ಬಂದಾಗ ನಾಲ್ಕಿಂಚಿನ ಕುಂಡಕ್ಕೆ ಬದಲಿಸಿ, ಆಮೇಲೆ ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ ಅರ್ಧದಷ್ಟು ಕೊಡಿ. ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ ಅನ್ನುವ ಸಲಹೆ ನಿಮಗೆ ಸಿಗುತ್ತದೆ. ಬಿಸಿ ಊರಿಗೆ ಅದು ಸರಿ, ಇಲ್ಲಿ ಬೇಡ. ಚಿವುಟಿದರೆ ಹೂವು ತಡವಾಗುತ್ತದೆ, ನಮ್ಮಲ್ಲಿ ಆ ಸಮಯ ಇಲ್ಲ.

ಮೇ ತಿಂಗಳ ಲಾಂಗ್ ವೀಕೆಂಡ್ ಬಂದ ಕೂಡಲೇ ಎಲ್ಲರೂ ಗಿಡ ನೆಡುತ್ತಾರೆ. ಮೆಣಸನ್ನು ಆಗ ನೆಡಬೇಡಿ, ಜೂನ್ ಮೊದಲ ವಾರದವರೆಗೆ ತಡೆಯಿರಿ. ಅದಕ್ಕೂ ಮುಂಚೆ ಒಂದು ವಾರ, ಹತ್ತು ದಿನ ಹೊರಗಿನ ಹವೆ ಅಭ್ಯಾಸ ಮಾಡಿಸಿ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ದಿನಾ ಸ್ವಲ್ಪ ಜಾಸ್ತಿ. ಇಲ್ಲಿನ ಬಿಸಿಲು ಎತ್ತರದ ಊರಿನ ತೀಕ್ಷ್ಣ ಬಿಸಿಲು, ದೀಪದ ಕೆಳಗೆ ಬೆಳೆದ ಎಲೆ ಒಂದೇ ಮಧ್ಯಾಹ್ನಕ್ಕೆ ಬಿಳಿಯಾಗುತ್ತದೆ. ಗಾಳಿ ಬೀಸುವ ದಿನ ಹೊರಗೆ ತೆಗೆಯಬೇಡಿ.

ನೆಲಕ್ಕಿಂತ ಕುಂಡವೇ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಪ್ಪು ಕುಂಡ ಬಿಸಿಲಿಗೆ ಬೇಗ ಕಾಯುತ್ತದೆ. ಮನೆಯ ದಕ್ಷಿಣ ಗೋಡೆಗೆ ಒತ್ತಿ ಇಟ್ಟರೆ ಗೋಡೆ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತದೆ. 5 ಡಿಗ್ರಿ ಅಂತ ಹವಾಮಾನ ವರದಿ ಬಂದ ರಾತ್ರಿ ಒಳಗೆ ಎತ್ತಿಡಬಹುದು. ಆಲಿಕಲ್ಲು ಬಂದಾಗಲೂ ಅಷ್ಟೇ. 2020ರ ಜೂನ್ ಮತ್ತು 2024ರ ಆಗಸ್ಟ್‌ನಲ್ಲಿ ಈಶಾನ್ಯ ಕ್ಯಾಲ್ಗರಿಯಲ್ಲಿ ಬಿದ್ದ ಆಲಿಕಲ್ಲು ಮನೆಗಳ ಗೋಡೆಯನ್ನೇ ತೂತು ಮಾಡಿತ್ತು, ಗಿಡ ಯಾವ ಲೆಕ್ಕ.

ಬೂತ್ ಜೊಲೋಕಿಯಾಕ್ಕೆ ಕುಂಡ ಇನ್ನೂ ಒಂದು ಕಾರಣಕ್ಕೆ ಬೇಕು. ಮೆಣಸು ಒಂದು ವರ್ಷದ ಗಿಡವಲ್ಲ, ಚಳಿ ತಾಗದಂತೆ ನೋಡಿಕೊಂಡರೆ ಹಲವು ವರ್ಷ ಬದುಕುತ್ತದೆ. ಸೆಪ್ಟೆಂಬರ್ ಮೊದಲ ವಾರ, ಫ್ರಾಸ್ಟ್ ಬೀಳುವ ಮೊದಲೇ ಅದನ್ನು ಒಳಗೆ ತನ್ನಿ. ಕಾಯಿ ಇದ್ದರೆ ದೀಪದ ಕೆಳಗೆ ಹಣ್ಣಾಗಲು ಬಿಡಿ. ಕಿತ್ತ ಮೇಲೆ ಕೊಂಬೆಗಳನ್ನು ಮುಖ್ಯ ಕವಲಿನ ಹತ್ತಿರಕ್ಕೆ ಕತ್ತರಿಸಿ, ಎಲೆಯ ಅಡಿಭಾಗದಲ್ಲಿ ಹೇನು ಇದೆಯಾ ನೋಡಿ, ಇದ್ದರೆ ಸಾಬೂನು ನೀರಲ್ಲಿ ತೊಳೆಯಿರಿ. ಆಮೇಲೆ 13ರಿಂದ 16 ಡಿಗ್ರಿಯ ಬೇಸ್‌ಮೆಂಟಿನಲ್ಲಿ ಇಟ್ಟು, ಮಣ್ಣು ಪೂರ್ತಿ ಒಣಗದಷ್ಟು ಮಾತ್ರ ನೀರು ಕೊಡಿ. ಫೆಬ್ರವರಿ ಕೊನೆಗೆ ಮತ್ತೆ ಬೆಚ್ಚಗಿನ ಜಾಗಕ್ಕೆ, ದೀಪದ ಕೆಳಗೆ ತಂದರೆ ಚಿಗುರುತ್ತದೆ. ಆ ಗಿಡಕ್ಕೆ ಬೇರು, ಕಾಂಡ ಮೊದಲೇ ಇರುವುದರಿಂದ ಹೊಸ ಸಸಿಗಿಂತ ಎಷ್ಟೋ ಮುಂಚೆ ಹೂ ಬಿಡುತ್ತದೆ. ಬೂತ್ ಜೊಲೋಕಿಯಾ ಇಲ್ಲಿ ಧಾರಾಳವಾಗಿ ಹಣ್ಣಾಗುವುದು ಹೆಚ್ಚಾಗಿ ಆ ಎರಡನೇ ವರ್ಷದಲ್ಲೇ.