ಹಲಗಲಿಯ ಕಥೆಯನ್ನು ಎಳೆಯರಿಗೆ ಹೇಳುವ ಬಗೆ

ಪ್ರಶ್ನೆ: 1857ರ ಹಲಗಲಿ ಬೇಡರ ದಂಗೆಯನ್ನು ಕುರಿತು, 12 ವರ್ಷದ ಕಲ್ಪಿತ ಬಾಲಕಿಯೊಬ್ಬಳ ಕಣ್ಣಿನಿಂದ ಮಕ್ಕಳ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಊರನ್ನು ಸುಟ್ಟದ್ದು, ಗಲ್ಲಿಗೇರಿಸಿದ್ದು ಇವನ್ನೆಲ್ಲ ಎಳೆಯರಿಗೆ ಹೇಳಬಹುದೇ? ಕಲ್ಪನೆಗೆ ಎಷ್ಟು ಅವಕಾಶವಿದೆ?
– ಒಬ್ಬ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

ಉತ್ತರ: ಹೇಳಲೇಬೇಕು, ಆದರೆ ಗಲ್ಲಿನಿಂದ ಕಥೆಯನ್ನು ಆರಂಭಿಸಬೇಡಿ. ಬೇಟೆಯನ್ನು ನಂಬಿದ್ದ ಜನರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಅದನ್ನು ತಂದೊಪ್ಪಿಸಬೇಕೆಂಬ ಕಂಪನಿ ಸರ್ಕಾರದ ಹುಕುಂ ನಿಮ್ಮ ಬಾಲಕಿಯ ಮನೆಯೊಳಗೆ ಹೇಗೆ ಕೇಳಿಸಿತೆಂಬುದು ಓದುಗರಿಗೆ ಮನದಟ್ಟಾದರೆ, ದಂಗೆಯ ಮುಂದಾಳುಗಳಾದ ಹನುಮ, ಬಾಲ, ಜಡಗ, ರಾಮರು ಏಕೆ ತಿರುಗಿಬಿದ್ದರೆಂಬುದನ್ನು ಬೇರೆಯಾಗಿ ವಿವರಿಸಬೇಕಾಗದು.

ನಿಮ್ಮ ಕಲ್ಪನೆಗೆ ಬೇಕಾದ ನೆಲ ಈ ದಂಗೆಯ ಲಾವಣಿಯಲ್ಲಿಯೇ ಇದೆ. ಬ್ರಿಟಿಷ್ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಉಳಿಸಿದ ಆ ಹಾಡಿನಲ್ಲಿ, ಹಲಗಲಿಯಿಂದ ಕೊಳ್ಳೆಹೋದ ವಸ್ತುಗಳ ಪಟ್ಟಿಯೊಂದು ಬರುತ್ತದೆ: ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಅರಿಸಿನ, ಜೀರಿಗೆ, ಬೆಲ್ಲ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು ಕೂಡ! ಸರ್ಕಾರಿ ವರದಿಗೆ ಬೀಸುಕಲ್ಲಿನ ಗೊಡವೆ ಇರುವುದಿಲ್ಲ. ಅದು ಇಲ್ಲವಾದದ್ದನ್ನು ಲಾವಣಿಕಾರ ಕಂಡ, ನಿಮ್ಮ ಬಾಲಕಿಯೂ ಕಾಣಬಲ್ಲಳು. ಸುಟ್ಟ ಊರಿಗೆ ಮರಳಿದವಳು ಮೊದಲು ಹುಡುಕುವುದು ಆ ಕಲ್ಲನ್ನೇ ಆಗಿರಲಿ. ಮುಂದೆ ಇನ್ನಾವುದೋ ಊರಿನಲ್ಲಿ, ಇನ್ನಾರದೋ ಬೀಸುಕಲ್ಲಿನ ಮುಂದೆ ಕುಳಿತು, ಅವಳು ಅಜ್ಜಿಯ ಹಾಡನ್ನೇ ಹಾಡುತ್ತ ಜೋಳ ಬೀಸಿದರೆ, ತಾನು ಯಾರೆಂಬುದನ್ನು ಅವಳು ಮರೆತಿಲ್ಲವೆಂದು ನೀವು ಹೇಳಬೇಕಾಗಿಯೇ ಇಲ್ಲ.

ಮುಧೋಳ ಹಾಗೂ ಹಲಗಲಿಗಳಲ್ಲಿ 19 ಜನರನ್ನು ನೇಣಿಗೆ ಹಾಕಿದ ಸಂಗತಿಯನ್ನು ಮುಚ್ಚಿಡಬೇಡಿ, ವರ್ಣಿಸಲೂ ಬೇಡಿ. ಆ ಸುದ್ದಿ ಹಿರಿಯರ ತಗ್ಗಿದ ದನಿಯಲ್ಲಿ ಅವಳ ಕಿವಿಗೆ ಬಿದ್ದರೆ ಸಾಕು.

ಬಾಲಕಿ, ಅವಳ ಅಜ್ಜಿ, ಅವರ ಮೇಕೆ ಇವೆಲ್ಲ ನಿಮ್ಮವು; ವರ್ಷ, ಸ್ಥಳ, ಪರಿಣಾಮಗಳು ನಿಮ್ಮವಲ್ಲ. ನೇಣಿಗೇರಿದವರಲ್ಲಿ ಒಬ್ಬನನ್ನಾದರೂ ಬದುಕಿಸುವ ಆಸೆ ನಿಮಗೆ ಬಂದೀತು (ನನಗೂ ಬರುತ್ತಿತ್ತು), ಅದನ್ನು ತಡೆದುಕೊಳ್ಳಿ. ಸ್ವಾತಂತ್ರ್ಯ ಸಂಗ್ರಾಮವೆಂಬ ಮಾತನ್ನೂ ಅವಳ ಬಾಯಲ್ಲಿ ಆಡಿಸಬೇಡಿ. ಆ ದಂಗೆಗೆ ನಾವು ಆ ಹೆಸರಿಟ್ಟದ್ದು ಅನಂತರ. ನಿರೂಪಣೆ ಶಿಷ್ಟ ಕನ್ನಡದಲ್ಲಿದ್ದರೂ ಅಜ್ಜಿ ಮೊಮ್ಮಗಳ ಮಾತು ನಿಮ್ಮ ಸೀಮೆಯ ಆಡುನುಡಿಯಲ್ಲಿಯೇ ಇರಲಿ, ಅದನ್ನು ತಿದ್ದಿಕೊಡಿರೆಂದು ಯಾವ ಪ್ರಕಾಶಕರು ಕೇಳಿದರೂ ಒಪ್ಪಬೇಡಿ.