ಯೂನಿಯನ್ ಚುನಾವಣೆ ತಕರಾರು: ಕೋರ್ಟಿಗೆ ಮೊದಲು ಬೈಲಾ ತೆಗೆಯಿರಿ

ಪ್ರಶ್ನೆ: ನಮ್ಮ ಕಾರ್ಖಾನೆ ಯೂನಿಯನ್ ಚುನಾವಣೆ ಮುಗಿದು ಎಂಟು ದಿನ ಆಯ್ತು ಸರ್. ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದ ನಾನು 9 ಮತಗಳಿಂದ ಸೋತೆ. ಚಂದಾ ಬಾಕಿ ಉಳಿಸಿಕೊಂಡಿದ್ದ 14 ಜನರಿಗೂ ಓಟು ಹಾಕಲು ಬಿಟ್ಟಿದ್ದಾರೆ. ರಾತ್ರಿ ಪಾಳಿಯವರ ಓಟು ಮುಗಿದ ಮೇಲೆ ಪೆಟ್ಟಿಗೆ ಬೆಳಗಿನವರೆಗೆ ಯೂನಿಯನ್ ಆಫೀಸಿನಲ್ಲೇ ಇತ್ತು, ಬೀಗದ ಕೈ ಹಳೇ ಅಧ್ಯಕ್ಷರ ಹತ್ತಿರ ಇತ್ತು. ಅವರೇ ಮತ್ತೆ 130 ಮತಗಳಿಂದ ಅಧ್ಯಕ್ಷರಾಗಿದ್ದಾರೆ. ನೇರ ಕೋರ್ಟಿಗೆ ಹೋಗು ಅಂತ ಗೆಳೆಯರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಎಂಟು ದಿನ ಅಂದಿರಲ್ಲ, ನನಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಕೋರ್ಟ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಇವತ್ತೇ ಯೂನಿಯನ್ನಿನ ಬೈಲಾ, ಅಂದರೆ ಅದರ ನಿಯಮಾವಳಿ ತೆಗೆದು ಚುನಾವಣೆಯ ಭಾಗ ಓದಿ. ಆಕ್ಷೇಪಣೆ ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ ಕೊಡಬೇಕು ಅನ್ನೋದು ಅಲ್ಲಿರಬೇಕು. ಕೆಲವರದ್ದು ಒಂದು ವಾರ, ಕೆಲವರದ್ದು ಹದಿನೈದು ದಿನ, ಇನ್ನು ಕೆಲವು ಬೈಲಾಗಳಲ್ಲಿ ಈ ವಿಷಯವೇ ಇರುವುದಿಲ್ಲ. ಗಡುವು ದಾಟಿದ್ದರೂ ಬರೆದು ಕೊಡಿ, ತಡ ಯಾಕಾಯಿತು ಅಂತ ಒಂದು ಸಾಲು ಸೇರಿಸಿ. ಬಾಯಿಮಾತಿನ ಜಗಳ ಎಷ್ಟು ಜೋರಾಗಿದ್ದರೂ ಆಕ್ಷೇಪಣೆ ಆಗುವುದಿಲ್ಲ. ಎರಡು ಪ್ರತಿ ಮಾಡಿ, ಚುನಾವಣಾಧಿಕಾರಿಗೆ ಒಂದು ಕೊಟ್ಟು, ಇನ್ನೊಂದರ ಮೇಲೆ ಸಹಿ ಮತ್ತು ತಾರೀಕು ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ತಪ್ಪು ನಡೆದಿದೆ ಅಂತ ತೋರಿಸಿದರೆ ಚುನಾವಣೆ ರದ್ದಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಆ ತಪ್ಪಿನಿಂದ ಫಲಿತಾಂಶ ಬದಲಾಗಿರಬಹುದಾ ಅನ್ನೋದೇ ಮುಖ್ಯ ಪ್ರಶ್ನೆ. ಆ 14 ಜನ ಯಾರಿಗೆ ಹಾಕಿದರು ಅಂತ ಯಾರೂ ಕೇಳುವ ಹಾಗಿಲ್ಲ, ಓಟು ಗುಟ್ಟಿನದ್ದು. ಹಾಗಾಗಿ ಅಷ್ಟೂ ಓಟು ಗೆದ್ದವರಿಗೇ ಬಿದ್ದಿರಬಹುದು ಅಂತ ಇಟ್ಟುಕೊಂಡು ನೋಡುತ್ತಾರೆ. ನಿಮ್ಮ ಅಂತರ 9, ಪ್ರಶ್ನೆಯಲ್ಲಿರುವ ಓಟು 14. ನಿಮ್ಮ ಸ್ಥಾನದ ಫಲಿತಾಂಶ ಅನುಮಾನಕ್ಕೆ ಬಂತು. ಅಧ್ಯಕ್ಷರ ಅಂತರ 130. ಈ 14 ಓಟು ತೆಗೆದರೂ ಅವರ ಸ್ಥಾನ ಅಲ್ಲಾಡುವುದಿಲ್ಲ. ಆದ್ದರಿಂದ ಇಡೀ ಚುನಾವಣೆ ರದ್ದು ಮಾಡಿ ಅಂತ ಚಂದಾ ಬಾಕಿಯ ಕಾರಣಕ್ಕೆ ಕೇಳಬೇಡಿ, ನಿಮ್ಮ ಸ್ಥಾನಕ್ಕೆ ಮಾತ್ರ ಮರುಚುನಾವಣೆ ಕೇಳಿ. ಕೇಳಿದ್ದು ಸಣ್ಣದಾದಷ್ಟೂ ಸಿಗುವುದು ಸುಲಭ.

ಒಂದು ಎಚ್ಚರಿಕೆ. ಚಂದಾ ಬಾಕಿ ಇದ್ದವರು ಓಟು ಹಾಕಬಾರದು ಅಂತ ನಿಮ್ಮ ಬೈಲಾದಲ್ಲಿ ನಿಜವಾಗಿ ಇದೆಯಾ? ಎಷ್ಟು ತಿಂಗಳ ಬಾಕಿ, ಯಾವ ತಾರೀಕಿಗೆ ಲೆಕ್ಕ? ಚಂದಾ ಸಂಬಳದಲ್ಲೇ ಮುರಿದುಕೊಳ್ಳುವ ವ್ಯವಸ್ಥೆ ಇದ್ದು, ಕಂಪನಿಯವರೇ ಯೂನಿಯನ್ನಿಗೆ ಕಟ್ಟುವುದು ತಡವಾಗಿದ್ದರೆ ಆ ತಪ್ಪು ಸದಸ್ಯನದ್ದಲ್ಲ, ಅಲ್ವಾ? ಮತದಾರರ ಕರಡು ಪಟ್ಟಿ ಹಾಕಿದಾಗ ನೀವು ಆಕ್ಷೇಪಣೆ ಎತ್ತಿದ್ದಿರಾ ಅಂತಲೂ ಎದುರಿನವರು ಕೇಳೇ ಕೇಳುತ್ತಾರೆ. ಉತ್ತರ ಈಗಲೇ ಸಿದ್ಧ ಮಾಡಿಟ್ಟುಕೊಳ್ಳಿ.

ಪೆಟ್ಟಿಗೆಯದ್ದು ಇದಕ್ಕಿಂತ ಗಂಭೀರ ವಿಷಯ. ಅಲ್ಲಿ 14 ಓಟಲ್ಲ, ಪೆಟ್ಟಿಗೆಯಲ್ಲಿದ್ದ ಎಲ್ಲಾ ಓಟೂ ಪ್ರಶ್ನೆಗೆ ಬರುತ್ತವೆ, ಅಧ್ಯಕ್ಷರದ್ದೂ ಸೇರಿ. ಆದರೆ ಸುಮ್ನೆ ಅನುಮಾನ ಸಾಲದು. ನಾನು ಚುನಾವಣಾಧಿಕಾರಿಯಾಗಿ ಕೂತಿದ್ದ ಒಂದು ಯೂನಿಯನ್ನಿನಲ್ಲಿ ಹೀಗೇ ಗಲಾಟೆ ಎದ್ದಿತ್ತು. ಎರಡೂ ಬಣದವರನ್ನು ಎದುರಿಗೆ ಕೂರಿಸಿಕೊಂಡು ಬ್ಯಾಲೆಟ್ ಪುಸ್ತಕದ ಕೌಂಟರ್‌ಫಾಯಿಲ್, ಅಂದರೆ ಚೀಟಿ ಹರಿದ ಮೇಲೆ ಪುಸ್ತಕದಲ್ಲೇ ಉಳಿಯುವ ತುಂಡು, ಒಂದೊಂದಾಗಿ ಎಣಿಸಿದೆವು. 412 ಬ್ಯಾಲೆಟ್ ಹರಿದು ಕೊಟ್ಟಿದ್ದೆವು, ಪಟ್ಟಿಯಲ್ಲಿ 412 ಸಹಿ ಇದ್ದವು, ಪೆಟ್ಟಿಗೆಯಲ್ಲೂ 412 ಚೀಟಿ ಸಿಕ್ಕವು. ಅರಗಿನ ಸೀಲಿನ ಮೇಲೆ ಎರಡೂ ಕಡೆಯ ಏಜೆಂಟರ ಸಹಿ ಹಾಗೇ ಇತ್ತು. ಅಲ್ಲಿಗೆ ಗಲಾಟೆ ತಣ್ಣಗಾಯಿತು. ನೀವೂ ಮೊದಲು ಕೇಳಬೇಕಾದದ್ದು ಇದನ್ನೇ: ಮೂರೂ ಲೆಕ್ಕ ಹೊಂದುತ್ತವಾ, ಸೀಲ್ ಇತ್ತಾ, ಒಡೆಯುವಾಗ ಯಾರಿದ್ದರು? ಬ್ಯಾಲೆಟ್, ಕೌಂಟರ್‌ಫಾಯಿಲ್, ಸಹಿ ಪಟ್ಟಿ ಎಲ್ಲವನ್ನೂ ಸೀಲ್ ಮಾಡಿ ಇಡಿ, ಯಾವುದನ್ನೂ ನಾಶ ಮಾಡಬೇಡಿ ಅಂತ ಆಕ್ಷೇಪಣೆಯಲ್ಲೇ ಬರೆಯಿರಿ. ಈ ಒಂದು ಸಾಲು ಮರೆತು, ಆಮೇಲೆ ಕಾಗದವೇ ಇಲ್ಲದೆ ಕೈಕಟ್ಟಿ ಕೂತವರನ್ನು ಕಂಡು ನನಗೆ ತುಂಬಾ ಬೇಜಾರಾಗಿದೆ.

ಒಳಗೆ ಬಗೆಹರಿಯದಿದ್ದರೆ ದಾರಿ ಇದೆ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಕಾಲದಲ್ಲಿ ಜನ ಸಿವಿಲ್ ಕೋರ್ಟಿಗೆ ಹೋಗುತ್ತಿದ್ದರು, ವರ್ಷಗಟ್ಟಲೆ ಎಳೆಯುತ್ತಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ 22ನೇ ಸೆಕ್ಷನ್ ಪ್ರಕಾರ ಪದಾಧಿಕಾರಿಗಳ ಚುನಾವಣೆ ಬಗ್ಗೆ ಸದಸ್ಯರಿಗೂ ಯೂನಿಯನ್ನಿಗೂ ತಕರಾರು ಬಂದರೆ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಯೂನಿಯನ್ನಿನ ನೋಂದಾಯಿತ ಕಚೇರಿ ಯಾವ ನ್ಯಾಯಮಂಡಳಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೆ. ಇಂಥ ದಾವೆಗಳನ್ನು ಸಿವಿಲ್ ಕೋರ್ಟ್ ತೆಗೆದುಕೊಳ್ಳುವ ಹಾಗಿಲ್ಲ ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ನಿಮ್ಮ ಗೆಳೆಯರು ಕೋರ್ಟ್ ಅಂದಾಗ ಯಾವ ಕೋರ್ಟ್ ಮನಸ್ಸಿನಲ್ಲಿತ್ತೋ ಕೇಳಿ ನೋಡಿ.

ಮೊದಲು ಒಳಗೆ, ಆಮೇಲೆ ಹೊರಗೆ ಅಂತ ನಾನು ಹೇಳುವುದು ಹೊಸದೇನಲ್ಲ. ಅಮೆರಿಕದ 1959ರ ಕಾನೂನಿನಲ್ಲೂ ಇದೇ ಕ್ರಮ. ಮೊದಲು ಯೂನಿಯನ್ ಒಳಗೆ ದೂರು ಕೊಡಬೇಕು. ಅಲ್ಲಿ ಅಂತಿಮ ತೀರ್ಮಾನ ಬಂದ ಮೇಲೆ, ಇಲ್ಲವೇ ಮೂರು ತಿಂಗಳಾದರೂ ತೀರ್ಮಾನ ಬಾರದಿದ್ದರೆ, ಒಂದು ತಿಂಗಳೊಳಗೆ ಸರ್ಕಾರದ ಕಾರ್ಮಿಕ ಇಲಾಖೆಗೆ ಹೋಗಬೇಕು. ಚುನಾವಣೆಯ ಕಾಗದಗಳನ್ನು ಒಂದು ವರ್ಷ ಇಡಲೇಬೇಕು. ಆದರೂ ತಡ ಆಗುತ್ತದೆ. ಅಲ್ಲಿನ ಗಣಿ ಕಾರ್ಮಿಕರ ಯೂನಿಯನ್ನಿನಲ್ಲಿ 1969ರ ಡಿಸೆಂಬರಿನಲ್ಲಿ ನಡೆದ ಚುನಾವಣೆ ರದ್ದಾದದ್ದು 1972ರಲ್ಲಿ. ಪ್ರಶ್ನೆ ಎತ್ತಿದ ಜೋಸೆಫ್ ಯಾಬ್ಲಾನ್ಸ್ಕಿ ಅಷ್ಟರಲ್ಲಿ ಕೊಲೆಯಾಗಿದ್ದರು, ಮರುಚುನಾವಣೆಯಲ್ಲಿ ಹಳೇ ಅಧ್ಯಕ್ಷರು ಸೋತರು.

ಪ್ರಶ್ನೆ: ನಮ್ಮಲ್ಲಿ ಎರಡು ಬಣದವರೂ ಬೇರೆ ಬೇರೆ ಮಹಾಸಭೆ ಕರೆದು ಬೇರೆ ಬೇರೆ ಪದಾಧಿಕಾರಿಗಳನ್ನು ಆರಿಸಿಕೊಂಡಿದ್ದಾರೆ. ಬ್ಯಾಂಕ್ ಖಾತೆ ನಿಂತಿದೆ. ಮ್ಯಾನೇಜ್‌ಮೆಂಟ್ ಒಂದು ಬಣದ ಜೊತೆ ಮಾತ್ರ ಮಾತಾಡುತ್ತಿದೆ. ನಾವು ಸಾಮಾನ್ಯ ಸದಸ್ಯರು ಏನು ಮಾಡಬೇಕು?

ಉತ್ತರ: ಎರಡೂ ಕಡೆಯವರು ರಿಜಿಸ್ಟ್ರಾರರ, ಅಂದರೆ ಯೂನಿಯನ್‌ಗಳನ್ನು ನೋಂದಾಯಿಸುವ ಸರ್ಕಾರಿ ಅಧಿಕಾರಿಯ ಹತ್ತಿರ ಓಡಿರುತ್ತಾರೆ. ಹಳೇ ಕಾಯ್ದೆಯಲ್ಲಿ ರಿಜಿಸ್ಟ್ರಾರರು ಪದಾಧಿಕಾರಿಗಳ ಬದಲಾವಣೆಯನ್ನು ದಾಖಲೆ ಮಾಡುವವರು ಅಷ್ಟೇ, ಯಾವ ಬಣ ಅಸಲಿ ಅಂತ ತೀರ್ಪು ಕೊಡುವವರಲ್ಲ ಅಂತ ಹೈಕೋರ್ಟುಗಳು ಎಷ್ಟೋ ಸಲ ಹೇಳಿದ್ದವು. ಈಗ ತೀರ್ಪಿಗೆ ಇರುವ ಜಾಗ ಮೇಲೆ ಹೇಳಿದ ನ್ಯಾಯಮಂಡಳಿ. ಅಲ್ಲಿ ನೋಡುವುದು ಎರಡು ಮೂರು ವಿಷಯ: ಮಹಾಸಭೆ ಕರೆಯುವ ಅಧಿಕಾರ ಬೈಲಾ ಪ್ರಕಾರ ಯಾರಿಗಿತ್ತು, ನೋಟಿಸ್ ಎಲ್ಲರಿಗೂ ಹೋಗಿತ್ತಾ, ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ ಇತ್ತಾ. ಯಾರ ಸಭೆಗೆ ಜನ ಜಾಸ್ತಿ ಬಂದಿದ್ದರು ಅನ್ನೋದು ಮಾತ್ರ ಸಾಲದು.

ಮ್ಯಾನೇಜ್‌ಮೆಂಟಿನ ವಿಷಯಕ್ಕೆ ನನಗೆ ಸಿಟ್ಟು ಬರುತ್ತದೆ. ನಿಮ್ಮ ಮುಖಂಡರು ಯಾರು ಅಂತ ಆರಿಸುವ ಹಕ್ಕು ಅವರಿಗಿಲ್ಲ. ಕಾರ್ಮಿಕರು ತಮ್ಮ ಪ್ರತಿನಿಧಿಗಳನ್ನು ಪೂರ್ತಿ ಸ್ವತಂತ್ರವಾಗಿ ಆರಿಸಿಕೊಳ್ಳಬೇಕು, ಸರ್ಕಾರ ಕೂಡ ಅದರಲ್ಲಿ ಕೈ ಹಾಕಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1948ರ 87ನೇ ಒಡಂಬಡಿಕೆಯಲ್ಲಿದೆ. ಭಾರತ ಅದಕ್ಕೆ ಇನ್ನೂ ಒಪ್ಪಿಗೆ ಹಾಕಿಲ್ಲ, ಆದರೂ ಮಾತು ಸರಿಯಾದದ್ದು. ಒಂದು ಬಣದ ಜೊತೆ ಮಾತ್ರ ವೇತನ ಒಪ್ಪಂದಕ್ಕೆ ಕೂರಬೇಡಿ ಅಂತ ಸದಸ್ಯರೇ ಸಹಿ ಮಾಡಿ ಮ್ಯಾನೇಜ್‌ಮೆಂಟಿಗೆ ಪತ್ರ ಕೊಡಿ.

ತೀರ್ಪು ಬರುವವರೆಗೆ ಯೂನಿಯನ್ ಬದುಕಿರಬೇಕಲ್ಲ. ಎರಡೂ ಬಣದಿಂದ ತಲಾ ಇಬ್ಬರನ್ನು ಕೂರಿಸಿ ಒಂದು ಪುಟದ ಕರಾರು ಬರೆಸಿ: ಚೆಕ್ಕಿಗೆ ಎರಡೂ ಕಡೆಯ ಸಹಿ, ಆಫೀಸ್ ಬಾಡಿಗೆ ಮತ್ತು ನಡೆಯುತ್ತಿರುವ ಕೇಸುಗಳ ಖರ್ಚು ಬಿಟ್ಟು ಬೇರೆ ಖರ್ಚಿಲ್ಲ, ಯಾರನ್ನೂ ಸದಸ್ಯತ್ವದಿಂದ ತೆಗೆಯುವ ಹಾಗಿಲ್ಲ. ಆ ಕರಾರಿನ ಪ್ರತಿಯನ್ನು ಎರಡೂ ಕಡೆಯವರು ಒಟ್ಟಿಗೆ ಹೋಗಿ ಬ್ಯಾಂಕಿಗೆ ಕೊಟ್ಟು ಖಾತೆ ತೆರೆಸಿಕೊಳ್ಳಲು ಕೇಳಲಿ. ಇಬ್ಬರಿಗೂ ಒಪ್ಪಿಗೆಯಾಗುವ ಹೊರಗಿನವರೊಬ್ಬರು, ನಿವೃತ್ತ ನ್ಯಾಯಾಧೀಶರೋ ಬೇರೆ ಯೂನಿಯನ್ನಿನ ಹಿರಿಯರೋ ಸಿಕ್ಕರೆ, ಅವರ ಉಸ್ತುವಾರಿಯಲ್ಲಿ ಹೊಸ ಮತದಾರರ ಪಟ್ಟಿ ಮಾಡಿ ಮತ್ತೊಮ್ಮೆ ಓಟು ನಡೆಸಿ. ಎರಡೂ ಬಣದವರು ಕೂತು ಒಪ್ಪಿಕೊಂಡ ಪಟ್ಟಿ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಒಪ್ಪದಿದ್ದರೆ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಅದಕ್ಕೆ ಪದಾಧಿಕಾರಿಯೇ ಆಗಿರಬೇಕು ಅಂತಿಲ್ಲ, ನಿಮ್ಮಂಥ ಸದಸ್ಯರೂ ಹಾಕಬಹುದು.